ಕಲ್ಲು ಒಡೆದರೆ ರೋಗ ಹೋಯಿತೆ?

"ಹುಬ್ಬಳ್ಳಿಗೆ ಹೋಗಿ ಕಲ್ಲು ಒಡೆಸಿಕೊಂಡು ಬಂದೆ, ಇನ್ನು ಚಿಂತೆಯಿಲ್ಲ" ಎಂಬ ಮಾತನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯವರು ಬಸ್ಸಿನಲ್ಲಿಯೋ ಮದುವೆಮನೆಯ ಚಪ್ಪರದಲ್ಲಿಯೋ ಒಮ್ಮೆಯಾದರೂ ಕೇಳಿಯೇ ಇರುತ್ತಾರೆ. ಇಸಳೂರಿನಂಥ ಹಳ್ಳಿಯಿಂದ ಹೊರಟು, ಸುಮಾರು ನೂರು ಕಿಲೋಮೀಟರು ದೂರದ ನಗರದಲ್ಲಿ ಒಂದು ಯಂತ್ರದ ಮೇಲೆ ಗಂಟೆಯ ಹೊತ್ತು ಮಲಗಿ, ಮೈಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಮರಳುವುದು ನಿಜವಾಗಿಯೂ ಸೋಜಿಗದ ಸಂಗತಿ. ಆದರೆ ಮೇಲಿನ ಮಾತಿನಲ್ಲಿ ಎರಡು ಭಾಗಗಳಿರುವುದನ್ನು ಗಮನಿಸಬೇಕು. "ಕಲ್ಲು ಒಡೆಸಿಕೊಂಡು ಬಂದೆ" ಎಂಬ ಮೊದಲ ಭಾಗ ವಿಜ್ಞಾನದ ಒಂದು ದೊಡ್ಡ ಗೆಲವನ್ನು ಸಾರುತ್ತದೆ. "ಇನ್ನು ಚಿಂತೆಯಿಲ್ಲ" ಎಂಬ ಎರಡನೆಯ ಭಾಗ ಬರಿಯ ಭ್ರಮೆ. ಒಡೆದದ್ದು ಕಲ್ಲು, ಕಲ್ಲು ಕಟ್ಟುವ ಗುಣವಲ್ಲ. ಈ ಎರಡಕ್ಕೂ ಇರುವ ಅಂತರವನ್ನು ನಮ್ಮ ಜನ ಅರಿಯದಿರುವುದರಿಂದಲೇ ಅದೇ ರೋಗಿ ಕೆಲವು ವರ್ಷಗಳಲ್ಲಿ ಅದೇ ದಾರಿಯನ್ನು ಮತ್ತೆ ತುಳಿಯಬೇಕಾಗುತ್ತದೆಂಬುದು ನನ್ನ ಅಭಿಪ್ರಾಯ.

ಮೊದಲು ಕಲ್ಲು ಹುಟ್ಟುವ ಬಗೆಯನ್ನು ನೋಡೋಣ. ಮಲೆನಾಡಿನ ಮನೆಗಳಲ್ಲಿ ಜೋನಿಬೆಲ್ಲವನ್ನು ಕೊಡದಲ್ಲಿ ತುಂಬಿಡುವುದುಂಟಷ್ಟೆ. ಪಾಕ ಗಟ್ಟಿಯಾಗಿದ್ದರೆ ಕೆಲವು ತಿಂಗಳಲ್ಲಿ ಕೊಡದ ತಳದಲ್ಲಿ ಸಕ್ಕರೆಯ ಹರಳುಗಳು ಕೂರುತ್ತವೆ. ಪಾಕ ತೆಳುವಾಗಿದ್ದರೆ ಕೂರುವುದಿಲ್ಲ. ಮೂತ್ರದಲ್ಲಿ ನಡೆಯುವುದೂ ಇದೇ. ರಕ್ತವನ್ನು ಸೋಸಿ ಬೇಡವಾದ ಲವಣಗಳನ್ನು ನೀರಿನೊಡನೆ ಹೊರಹಾಕುವುದು ಮೂತ್ರಪಿಂಡಗಳ ಕೆಲಸ. ಲವಣ ಹೆಚ್ಚಿ ನೀರು ಕಡಿಮೆಯಾದಾಗ ದ್ರಾವಣವು ತಾನು ಹಿಡಿದಿಡಬಲ್ಲುದಕ್ಕಿಂತ ಹೆಚ್ಚಿನದನ್ನು ಹೊತ್ತು ನಿಲ್ಲುತ್ತದೆ. ಆಗ ಒಂದು ಸೂಕ್ಷ್ಮ ಹರಳು ಮೂಡುತ್ತದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಕೂಡುತ್ತ ಹೋಗುತ್ತವೆ. ಮೂತ್ರಪಿಂಡದ ಕಲ್ಲುಗಳಲ್ಲಿ ನೂರಕ್ಕೆ ಸುಮಾರು 80 ಕ್ಯಾಲ್ಸಿಯಮಿನವು. ಅವುಗಳಲ್ಲಿಯೂ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಯೂರಿಕ್ ಆಮ್ಲದ ಕಲ್ಲುಗಳೂ, ಸೋಂಕಿನಿಂದ ಬೆಳೆಯುವ ಕಲ್ಲುಗಳೂ, ಅಪರೂಪಕ್ಕೆ ಸಿಸ್ಟೀನಿನ ಕಲ್ಲುಗಳೂ ಉಂಟು. ಮೂತ್ರಪಿಂಡದಲ್ಲಿ ಸುಮ್ಮನಿದ್ದ ಕಲ್ಲು ಕಿರಿದಾದ ಮೂತ್ರನಾಳಕ್ಕೆ ಇಳಿದು ಸಿಕ್ಕಿಕೊಂಡಾಗ ಬೆನ್ನಿನ ಬದಿಯಿಂದ ತೊಡೆಸಂದಿಯವರೆಗೆ ಹರಿದುಬರುವ ನೋವು ಎಷ್ಟೆಂಬುದನ್ನು ಅನುಭವಿಸಿದವರೇ ಬಲ್ಲರು.

ಈ ನೋವು ಹೊಸತಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಅಶ್ಮರಿಯೆಂದು ಹೆಸರು. ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ವಿವರಿಸಿರುವ ಆ ಗ್ರಂಥವೇ, ಔಷಧಗಳೆಲ್ಲ ವಿಫಲವಾದ ಮೇಲಷ್ಟೇ ಶಸ್ತ್ರಕ್ಕೆ ಕೈಹಾಕಬೇಕೆಂದು ಎಚ್ಚರಿಸುತ್ತದೆ. ಶತಮಾನಗಳ ಕಾಲ ರೋಗಿಗೆ ಇದ್ದದ್ದು ಎರಡೇ ದಾರಿ: ನೋವನ್ನು ಸಹಿಸುವುದು, ಇಲ್ಲವೆ ಪ್ರಾಣದ ಹಂಗು ತೊರೆದು ಕತ್ತಿಗೆ ಮೈಯೊಡ್ಡುವುದು. ಮೂರನೆಯ ದಾರಿಯೊಂದು ತೆರೆದದ್ದು ವೈದ್ಯಶಾಲೆಯಿಂದಲ್ಲ, ವಿಮಾನದ ಕಾರ್ಖಾನೆಯಿಂದ.

ಜರ್ಮನಿಯ ಡೋರ್ನಿಯರ್ ಎಂಬ ವಿಮಾನ ಸಂಸ್ಥೆ, ಅತಿವೇಗದಿಂದ ಹಾರುವ ವಿಮಾನಕ್ಕೆ ಮಳೆಹನಿ ಬಡಿದಾಗ ಲೋಹಕ್ಕೆ ಆಗುವ ಹಾನಿಯನ್ನು ಪರಿಶೀಲಿಸುತ್ತಿತ್ತು. ಹನಿ ಬಡಿದ ಕ್ಷಣದಲ್ಲಿ ವಸ್ತುವಿನೊಳಗೆ ಪ್ರಬಲವಾದ ಒತ್ತಡದ ಅಲೆಯೊಂದು ಹಾಯುತ್ತದೆ. ಇದೇ ಆಘಾತ ತರಂಗ. ಮೃದುವಾದ ಅಂಗಾಂಶವನ್ನು ದಾಟಿ ಬಿರುಸಾದ ಕಲ್ಲನ್ನು ಮಾತ್ರ ಒಡೆಯಲು ಇದನ್ನು ಬಳಸಬಾರದೇಕೆ ಎಂಬ ಪ್ರಶ್ನೆ ಹುಟ್ಟಿತು. ಮ್ಯೂನಿಕ್ ನಗರದ ವಿಶ್ವವಿದ್ಯಾಲಯದ ವೈದ್ಯರು ಆ ಸಂಸ್ಥೆಯ ತಂತ್ರಜ್ಞರೊಡನೆ ಕೂಡಿ ವರ್ಷಗಳ ಕಾಲ ಪ್ರಯೋಗ ನಡೆಸಿದರು. ಕೊನೆಗೆ 1980ರ ಫೆಬ್ರವರಿ 7ರಂದು ಕ್ರಿಸ್ಟಿಯನ್ ಶೌಸಿ ಮತ್ತು ಅವರ ಸಂಗಡಿಗರು ಮೊದಲ ರೋಗಿಗೆ ಈ ಚಿಕಿತ್ಸೆ ನೀಡಿದರು. 1984ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರವೂ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಮುಂದೆ ಅದು ಲೋಕವನ್ನೆಲ್ಲ ಸುತ್ತಿತು.

ಈ ಯಂತ್ರದ ಹೃದಯದಲ್ಲಿರುವುದು ಕಾಲೇಜಿನ ಗಣಿತದ ಪುಸ್ತಕದಲ್ಲಿರುವ ದೀರ್ಘವೃತ್ತವೇ ಎಂದರೆ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಎರಡು ಗುಂಡುಸೂಜಿಗಳನ್ನು ಹಲಗೆಗೆ ಚುಚ್ಚಿ, ಸಡಿಲವಾದ ದಾರದ ಎರಡು ತುದಿಗಳನ್ನು ಅವಕ್ಕೆ ಕಟ್ಟಿ, ಪೆನ್ಸಿಲಿನಿಂದ ದಾರವನ್ನು ಬಿಗಿಹಿಡಿದು ಸುತ್ತಿಸಿದರೆ ದೀರ್ಘವೃತ್ತ ಮೂಡುತ್ತದೆ. ಸೂಜಿ ಚುಚ್ಚಿದ ಎರಡು ಬಿಂದುಗಳೇ ಅದರ ನಾಭಿಗಳು. ಒಂದು ನಾಭಿಯಿಂದ ಹೊರಟು ಅಂಚಿಗೆ ತಾಗಿ ಇನ್ನೊಂದು ನಾಭಿಯನ್ನು ಮುಟ್ಟುವ ದಾರಿಗಳೆಲ್ಲವೂ ದಾರದಷ್ಟೇ ಉದ್ದ. ಆದುದರಿಂದ ಮೊದಲ ನಾಭಿಯಲ್ಲಿ ಹುಟ್ಟಿದ ಅಲೆ ಎಲ್ಲ ದಿಕ್ಕುಗಳಿಗೂ ಚದರಿಹೋದರೂ, ಅಂಚಿಗೆ ತಾಗಿ ತಿರುಗಿದ ಅದರ ಎಲ್ಲ ಭಾಗಗಳೂ ಎರಡನೆಯ ನಾಭಿಯನ್ನು ಒಂದೇ ಕ್ಷಣದಲ್ಲಿ ಸೇರುತ್ತವೆ. ಬಾಗಿದ ಗೋಡೆ ಧ್ವನಿಯನ್ನು ಎಷ್ಟು ಜೋಪಾನವಾಗಿ ಒಯ್ಯಬಲ್ಲುದೆಂಬುದನ್ನು ವಿಜಯಪುರದ ಗೋಲಗುಮ್ಮಟದ ಮೊಗಸಾಲೆಯಲ್ಲಿ ಪಿಸುಗುಟ್ಟಿ ನೋಡಿದವರು ಬಲ್ಲರು. ಅಲ್ಲಿನ ಗೋಡೆ ವೃತ್ತಾಕಾರವಾದುದರಿಂದ ಧ್ವನಿ ಗೋಡೆಯನ್ನು ಅಪ್ಪಿಕೊಂಡು ಸಾಗುತ್ತದೆ. ಇಲ್ಲಿ ಅದು ಒಂದು ಬಿಂದುವಿನಲ್ಲಿ ಬಂದು ಕೂಡುತ್ತದೆ. ಇದೇ ವ್ಯತ್ಯಾಸ.

ಮ್ಯೂನಿಕ್ಕಿನ ಯಂತ್ರದಲ್ಲಿ ದೀರ್ಘವೃತ್ತದ ಆಕಾರವನ್ನು ತಾಳಿದ ಲೋಹದ ಬಟ್ಟಲೊಂದಿತ್ತು. ಅದರ ನಾಭಿಯಲ್ಲಿ, ನೀರಿನೊಳಗೆ, ವಿದ್ಯುತ್ತಿನ ಕಿಡಿಯನ್ನು ಹಾರಿಸುತ್ತಿದ್ದರು. ಕಿಡಿಯ ಕಾವಿಗೆ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ ಸಿಡಿದು ಆಘಾತ ತರಂಗ ಹೊರಡುತ್ತಿತ್ತು. ನೀರು ತುಂಬಿದ ತೊಟ್ಟಿಯಲ್ಲಿ ರೋಗಿಯನ್ನು ಮುಳುಗಿಸಿ, ಕ್ಷ-ಕಿರಣಗಳ ನೆರವಿನಿಂದ ಅವನ ಕಲ್ಲು ಸರಿಯಾಗಿ ಎರಡನೆಯ ನಾಭಿಯಲ್ಲಿ ಬರುವಂತೆ ಹೊಂದಿಸುತ್ತಿದ್ದರು. ನೀರೇ ಏಕೆ? ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ನೀರಿನಲ್ಲಿ ಸುಮಾರು 1500. ನಮ್ಮ ಮೈಯ ಮಾಂಸಖಂಡಗಳಲ್ಲಿಯೂ ನೀರಿನ ಅಂಶವೇ ಹೆಚ್ಚಾದುದರಿಂದ ಅಲ್ಲಿಯ ವೇಗವೂ ಇದರ ಆಸುಪಾಸಿನದೇ. ಅಲೆಯ ಪಾಲಿಗೆ ನೀರೂ ಮೈಯೂ ಹೆಚ್ಚುಕಡಿಮೆ ಒಂದೇ. ಆದುದರಿಂದ ಅದು ಚರ್ಮದಲ್ಲಿ ತಡೆಯಿಲ್ಲದೆ ಒಳಹೊಗುತ್ತದೆ. ನಡುವೆ ಗಾಳಿಯಿದ್ದರೆ ಬಹುಪಾಲು ಹಿಂದಕ್ಕೆ ಚಿಮ್ಮಿಬಿಡುತ್ತದೆ. ಇಂದಿನ ಯಂತ್ರಗಳಲ್ಲಿ ತೊಟ್ಟಿಯಿಲ್ಲ. ನೀರು ತುಂಬಿದ ದಿಂಬೊಂದನ್ನು ಬೆನ್ನಿಗೆ ಒತ್ತಿ ನಡುವೆ ಲೋಳೆಯಂಥ ಲೇಪವನ್ನು ಹಚ್ಚುತ್ತಾರೆ. ಆ ಲೇಪದಲ್ಲಿ ಗಾಳಿಗುಳ್ಳೆಗಳು ಉಳಿದರೂ ಪೆಟ್ಟು ದುರ್ಬಲವಾಗುತ್ತದೆ.

ಕಲ್ಲನ್ನು ಮುಟ್ಟಿದೊಡನೆ ಪರಿಸ್ಥಿತಿ ಬೇರೆ. ಅಲ್ಲಿ ಅಲೆಗೆ ಹೊಸ ಮಾಧ್ಯಮ ಎದುರಾಗುತ್ತದೆ. ವಾಯುಮಂಡಲದ ಒತ್ತಡದ ನೂರಾರು ಪಟ್ಟು ಒತ್ತಡವು ಸೆಕೆಂಡಿನ ಹತ್ತು ಲಕ್ಷದ ಕೆಲವೇ ಪಾಲಿನಷ್ಟು ಕಾಲ ಕಲ್ಲನ್ನು ಅದುಮುತ್ತದೆ. ಹಿಂದೆಯೇ ಬರುವ ಸೆಳೆತವು ಅದನ್ನು ಎಳೆಯುತ್ತದೆ. ಸುತ್ತಲ ದ್ರವದಲ್ಲಿ ಸಣ್ಣ ಗುಳ್ಳೆಗಳೆದ್ದು ಒಡೆದು ಕಲ್ಲಿನ ಮೈಯನ್ನು ಕೊರೆಯುತ್ತವೆ. ಒಂದು ಪೆಟ್ಟಿನಿಂದ ಏನೂ ಆಗದು. ನಿಮಿಷಕ್ಕೆ 60ರಿಂದ 90ರಂತೆ ಎರಡು ಮೂರು ಸಾವಿರ ಪೆಟ್ಟುಗಳು ಬಿದ್ದಾಗ ಕಲ್ಲು ಮರಳಾಗುತ್ತದೆ. ಅವಸರದಿಂದ ನಿಮಿಷಕ್ಕೆ 120ರಂತೆ ಹೊಡೆಯುವುದಕ್ಕಿಂತ ನಿಧಾನವಾಗಿ 60ರಂತೆ ಹೊಡೆದರೆ ಕಲ್ಲು ಚೆನ್ನಾಗಿ ಪುಡಿಯಾಗುವುದೆಂದು ಅನುಭವದಿಂದ ತಿಳಿದುಬಂದಿದೆ.

ಇಷ್ಟು ಸೊಗಸಾದ ವಿದ್ಯೆಗೂ ಮಿತಿಯುಂಟು. ಮೂತ್ರಪಿಂಡದಲ್ಲಿರುವ, 2 ಸೆಂಟಿಮೀಟರಿಗಿಂತ ಚಿಕ್ಕದಾದ ಕಲ್ಲಿಗೆ ಇದು ಒಪ್ಪುತ್ತದೆ. ಸಿಸ್ಟೀನಿನಂಥ ಬಿರುಸಾದ ಕಲ್ಲುಗಳು ಸುಲಭವಾಗಿ ಒಡೆಯುವುದಿಲ್ಲ. ಮೂತ್ರಪಿಂಡದ ಕೆಳಮೂಲೆಯ ಕಲ್ಲು ಒಡೆದರೂ ಚೂರುಗಳು ಹೊರಗೆ ಬಾರದೆ ಅಲ್ಲಿಯೇ ಉಳಿಯಬಹುದು. ಗರ್ಭಿಣಿಯರಿಗೂ, ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷವಿರುವವರಿಗೂ, ಮೂತ್ರದ ಸೋಂಕು ಇನ್ನೂ ವಾಸಿಯಾಗದವರಿಗೂ ಇದು ಸಲ್ಲದು. ಚಿಕಿತ್ಸೆಯ ಅನಂತರ ಒಂದೆರಡು ದಿನ ಮೂತ್ರದಲ್ಲಿ ರಕ್ತ ಕಾಣುವುದುಂಟು. ಚೂರುಗಳೆಲ್ಲ ಒಮ್ಮೆಗೇ ಇಳಿದು ಮೂತ್ರನಾಳದಲ್ಲಿ ಸಾಲಾಗಿ ಸಿಕ್ಕಿಕೊಳ್ಳುವುದೂ ಉಂಟು; ಜರ್ಮನರು ಇದಕ್ಕೆ 'ಕಲ್ಲಿನ ಬೀದಿ' ಎಂಬ ಹೆಸರನ್ನೇ ಇಟ್ಟಿದ್ದಾರೆ. ಇತ್ತೀಚೆಗೆ ಮೂತ್ರನಾಳದೊಳಗೆ ಸಣ್ಣ ದುರ್ಬೀನನ್ನು ಕಳುಹಿಸಿ ಲೇಸರ್ ಕಿರಣದಿಂದ ಕಲ್ಲನ್ನು ಒಡೆಯುವ ಪದ್ಧತಿ ಬಲಗೊಂಡಿರುವುದರಿಂದ ಅನೇಕ ಕಡೆಗಳಲ್ಲಿ ಆಘಾತ ತರಂಗದ ಬಳಕೆ ಕಡಿಮೆಯಾಗಿದೆ. ಯಾವ ಕಲ್ಲಿಗೆ ಯಾವ ಉಪಾಯವೆಂಬುದನ್ನು ನಿರ್ಧರಿಸಬೇಕಾದವರು ವೈದ್ಯರು. ಅದರಲ್ಲಿ ನಮ್ಮ ಹಟ ಸಲ್ಲದು.

ಆದರೆ ಲೇಸರೇ ಇರಲಿ, ತರಂಗವೇ ಇರಲಿ, ಎರಡೂ ಕೊಡದ ತಳದ ಹರಳನ್ನು ಕೆರೆದು ತೆಗೆಯುವ ಕೆಲಸಗಳು. ಪಾಕ ಮೊದಲಿನಷ್ಟೇ ಗಟ್ಟಿಯಾಗಿದ್ದರೆ ಹರಳು ಮತ್ತೆ ಕೂರುವುದು ನಿಶ್ಚಯ. ಒಮ್ಮೆ ಕಲ್ಲು ಬಂದವರಲ್ಲಿ, ಮುನ್ನೆಚ್ಚರಿಕೆ ವಹಿಸದಿದ್ದರೆ, ಹತ್ತು ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಮತ್ತೆ ಬರುತ್ತದೆ. ಮುನ್ನೆಚ್ಚರಿಕೆಯಿಂದ ಏನಾದೀತು ಎಂಬುದನ್ನು ಇಟಲಿಯ ಪಾರ್ಮಾ ನಗರದ ವೈದ್ಯರು ಪರೀಕ್ಷಿಸಿ ನೋಡಿದರು. ಮೊದಲ ಸಲ ಕಲ್ಲು ಬಂದ 199 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ 99 ಮಂದಿಗೆ ದಿನಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ಮೂತ್ರ ಹೋಗುವಷ್ಟು ನೀರು ಕುಡಿಯಲು ಹೇಳಿದರು. ಉಳಿದ 100 ಮಂದಿಗೆ ಏನೂ ಹೇಳಲಿಲ್ಲ. 5 ವರ್ಷಗಳಲ್ಲಿ ಮೊದಲ ಗುಂಪಿನ 12 ಮಂದಿಗೆ ಮಾತ್ರ ಕಲ್ಲು ಮರುಕಳಿಸಿತು. ಎರಡನೆಯ ಗುಂಪಿನಲ್ಲಿ 27 ಮಂದಿಗೆ. ಈ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಬಾವಿಯ ನೀರಿನಿಂದ ಇಷ್ಟು ಫಲ ದೊರಕಿತೆಂಬುದನ್ನು ಯಾವ ಯಂತ್ರವನ್ನು ಹೊಗಳುವಾಗಲೂ ಮರೆಯಲಾಗದು.

ಅದೇ ವೈದ್ಯರು ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿದರು. ಕಲ್ಲು ಕ್ಯಾಲ್ಸಿಯಮಿನದಾದುದರಿಂದ ಹಾಲು ಮೊಸರುಗಳನ್ನು ಬಿಡಬೇಕೆಂದು ಬಹಳ ಮಂದಿ ನಂಬಿದ್ದಾರೆ. ಪದೇ ಪದೇ ಕಲ್ಲು ಬರುತ್ತಿದ್ದ 120 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಕ್ಯಾಲ್ಸಿಯಂ ಕಡಿಮೆಯಿರುವ ಆಹಾರವನ್ನೂ, ಉಳಿದರ್ಧಕ್ಕೆ ಎಂದಿನಷ್ಟೇ ಕ್ಯಾಲ್ಸಿಯಂ ಉಳ್ಳ, ಆದರೆ ಉಪ್ಪು ಮತ್ತು ಮಾಂಸ ಕಡಿಮೆಯಾದ ಆಹಾರವನ್ನೂ ಗೊತ್ತುಮಾಡಿದರು. 5 ವರ್ಷಗಳ ಮೇಲೆ ನೋಡಿದರೆ ಕ್ಯಾಲ್ಸಿಯಂ ಬಿಟ್ಟವರ ಪೈಕಿ 23 ಮಂದಿಗೂ, ಬಿಡದೆ ಉಪ್ಪು ಮಾಂಸಗಳನ್ನು ಕಡಿಮೆಮಾಡಿದವರ ಪೈಕಿ 12 ಮಂದಿಗೂ ಕಲ್ಲು ಮರಳಿತ್ತು. 2002ರಲ್ಲಿ ಪ್ರಕಟವಾದ ಈ ಪರೀಕ್ಷೆಯ ಮರ್ಮ ಸರಳವಾದುದು. ಊಟದಲ್ಲಿ ಬಂದ ಕ್ಯಾಲ್ಸಿಯಂ ಅದೇ ಊಟದ ಆಕ್ಸಲೇಟನ್ನು ಕರುಳಿನಲ್ಲಿಯೇ ಕಟ್ಟಿಹಾಕಿ ಹೊರಗೆ ಸಾಗಿಸುತ್ತದೆ. ಉಪ್ಪಾದರೋ ಮೂತ್ರಕ್ಕೆ ಇಳಿಯುವ ಕ್ಯಾಲ್ಸಿಯಮನ್ನು ಹೆಚ್ಚಿಸುತ್ತದೆ. ಹಾಗಾದರೆ ಸೊಪ್ಪನ್ನು ಮಜ್ಜಿಗೆಯೊಡನೆ ಅರೆದು ತಂಬುಳಿ ಮಾಡುವ ನಮ್ಮ ಕಡೆಯ ಪದ್ಧತಿ ಹಳಿಯತಕ್ಕದ್ದಲ್ಲ. ಎಚ್ಚರದಿಂದ ಇರಬೇಕಾದದ್ದು ಅದರ ಪಕ್ಕದಲ್ಲಿ ಬಡಿಸುವ ಅಪ್ಪೆಮಿಡಿ ಉಪ್ಪಿನಕಾಯಿಯ ಬಗ್ಗೆ.

ಇಲ್ಲಿ ನಾಟಿ ಔಷಧದ ಮಾತು ಬರುವುದು ಸಹಜ. ಹುರುಳಿಯ ಕಟ್ಟು, ಬಾಳೆದಿಂಡಿನ ರಸ, ಕಾಡುಬಸಳೆಯ ಎಲೆ, ನೆಗ್ಗಿಲು ಮೊದಲಾದವುಗಳಿಂದ ಕಲ್ಲು ಬಿದ್ದುಹೋಯಿತೆಂದು ಹೇಳುವವರು ಊರೂರಿನಲ್ಲಿಯೂ ಇದ್ದಾರೆ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಆದರೆ 5 ಮಿಲಿಮೀಟರಿಗಿಂತ ಚಿಕ್ಕದಾದ ಕಲ್ಲುಗಳಲ್ಲಿ ಹೆಚ್ಚಿನವು ಯಾವ ಔಷಧವೂ ಇಲ್ಲದೆ ತಾವಾಗಿಯೇ ಹೊರಬೀಳುತ್ತವೆ. ಆ ಹೊತ್ತಿಗೆ ರೋಗಿ ಏನನ್ನು ಕುಡಿದಿದ್ದನೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿದೆಯೆ ಎಂದು ತಿಳಿಯಬೇಕಾದರೆ, ಕಾಗೆ ಕೂರದ ಕೊಂಬೆಗಳನ್ನೂ ಎಣಿಸಿ ನೋಡಬೇಕು. ಪಾರ್ಮಾದವರು ಮಾಡಿದ್ದು ಇದನ್ನೇ.

ಹಾಗೆಂದು ಕಾಡಿನ ಗಿಡಮರಗಳನ್ನೆಲ್ಲ ಮೂಢನಂಬಿಕೆಯೆಂದು ತಳ್ಳುವುದೂ ವಿಜ್ಞಾನವಲ್ಲ. ಶಿರಸಿ ಸಿದ್ದಾಪುರಗಳ ಕಾಡಿನಲ್ಲಿ ಉಪ್ಪಾಗೆಯ ಮರವುಂಟು. ಅದರ ಸಿಪ್ಪೆಯನ್ನು ಒಣಗಿಸಿ ಮಾರುವುದೂ, ಬೀಜದಿಂದ ತುಪ್ಪ ತೆಗೆಯುವುದೂ ಇಲ್ಲಿಯವರಿಗೆ ಗೊತ್ತು. ಆ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಹೇರಳವಾಗಿದೆ. ಇದರಿಂದ ದೊರೆಯುವ ಹೈಡ್ರಾಕ್ಸಿಸಿಟ್ರೇಟು ಕ್ಯಾಲ್ಸಿಯಂ ಆಕ್ಸಲೇಟಿನ ಹರಳು ಬೆಳೆಯುವುದನ್ನು ತಡೆಯುವುದಲ್ಲದೆ, ಕೆಲವು ಪರಿಸ್ಥಿತಿಗಳಲ್ಲಿ ಅದನ್ನು ಕರಗಿಸುವುದನ್ನೂ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಶಾಲೆಯಲ್ಲಿ ಕಂಡು, 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಇದು ಆಶಾದಾಯಕವಾದ ಸುಳಿವು, ಔಷಧವಲ್ಲ. ಗಾಜಿನ ನಳಿಗೆಯಲ್ಲಿ ಕರಗಿದ್ದು ಮೈಯೊಳಗೂ ಕರಗೀತೆಂದು ಹೇಳಲು ಇನ್ನೂ ಹಲವು ಪರೀಕ್ಷೆಗಳು ಬೇಕು. ಮೈ ಇಳಿಸಲೆಂದು ಇದೇ ಸಿಪ್ಪೆಯ ಸತ್ತ್ವವುಳ್ಳ ಗುಳಿಗೆಗಳನ್ನು ನುಂಗಿದ ಕೆಲವರಿಗೆ ಯಕೃತ್ತು ಕೆಟ್ಟ ಪ್ರಸಂಗಗಳೂ ವರದಿಯಾಗಿವೆ. ಸಾರಿನಲ್ಲಿ ಹುಳಿಗೆಂದು ಹಾಕುವುದು ಬೇರೆ, ಗುಳಿಗೆ ಮಾಡಿ ನುಂಗುವುದು ಬೇರೆ. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ನೋವು ನಿಂತೊಡನೆ ಕಲ್ಲು ಹೋಯಿತೆಂದು ತಿಳಿಯುವುದು. ನೋವಿಲ್ಲದೆಯೂ ಕಲ್ಲು ದಾರಿಯನ್ನು ಕಟ್ಟಿ ಕೂತು ಮೂತ್ರಪಿಂಡವನ್ನು ಮೆಲ್ಲಗೆ ಹಾಳುಮಾಡಬಲ್ಲುದು. ನೋವಿನೊಡನೆ ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈಗ ನಮ್ಮ ನೆಲದ ವಿಚಿತ್ರವನ್ನು ನೋಡಿರಿ. ಶಿರಸಿಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಂಥ ನಾಡಿನಲ್ಲಿ ಜನರು ನೀರಿಲ್ಲದೆ ಅಲ್ಲ, ನೀರನ್ನು ಕುಡಿಯದೆ ಕಲ್ಲು ಕಟ್ಟಿಕೊಳ್ಳುತ್ತಾರೆ. ಕೊನೆಕೊಯ್ಲಿನ ದಿನಗಳಲ್ಲಿ ಮರದಿಂದ ಮರಕ್ಕೆ ಹಾಯುವ ಕೊನೆಗೌಡನಿಗೆ ಬೆವರು ಸುರಿದರೂ ನೀರಿಗೆ ಇಳಿಯಲು ಬಿಡುವಿಲ್ಲ. ಅಡಿಕೆ ಸುಲಿಯಲು ಕುಳಿತ ಹೆಂಗಸರು ಏಳಬೇಕಾದೀತೆಂದು ನೀರನ್ನೇ ಮುಂದೂಡುತ್ತಾರೆ. ಘಟ್ಟದ ಬಸ್ಸಿನ ಪ್ರಯಾಣಕ್ಕೆ ಹೊರಟವರು ನಡುದಾರಿಯಲ್ಲಿ ತೊಂದರೆಯಾದೀತೆಂದು ಬೆಳಗಿನಿಂದಲೇ ಬಾಯಿ ಒಣಗಿಸಿಕೊಳ್ಳುತ್ತಾರೆ. ಇವೆಲ್ಲಕ್ಕಿಂತ ನನಗೆ ಕಳವಳ ತರುವುದು ಶಾಲೆಗೆ ಹೋಗುವ ಹುಡುಗಿಯರ ಸ್ಥಿತಿ. ಶೌಚಾಲಯ ಹೊಲಸಾಗಿದ್ದರೆ, ಅದರ ಬಾಗಿಲಿಗೆ ಅಗಳಿಯಿಲ್ಲದಿದ್ದರೆ, ಅಲ್ಲಿ ನೀರು ಬರದಿದ್ದರೆ, ಅವರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದಿರುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಹದಿಮೂರರ ವಯಸ್ಸಿನಲ್ಲಿ ಕಲಿತ ಈ ಅಭ್ಯಾಸ ಮೂವತ್ತರಲ್ಲಿಯೂ ಬಿಡುವುದಿಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ, ಅದರ ಬೆನ್ನಿಗೇ ಕರ್ನಾಟಕದಲ್ಲಿಯೂ, ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ 'ನೀರಿನ ಗಂಟೆ'ಯ ಮಾತು ಎದ್ದಿತು. ಗಂಟೆ ಒಳ್ಳೆಯದೇ. ಆದರೆ ಗಂಟೆ ಬಾರಿಸಿ ಶೌಚಾಲಯಕ್ಕೆ ಬೀಗ ಹಾಕಿದರೆ ಆ ಗಂಟೆಗೆ ಅರ್ಥವಿಲ್ಲ.

"ಇದೆಲ್ಲ ಸರಿ, ಆದರೆ ನೋವಿನಿಂದ ಹೊರಳಾಡುವವನಿಗೆ ನೀರಿನ ಉಪದೇಶ ಮಾಡಿದರೆ ಸಾಕೆ? ನಮಗೆ ಬೇಕಾದದ್ದು ಆಸ್ಪತ್ರೆಯಲ್ಲವೆ?" ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿಯೂ 2022ರಲ್ಲಿಯೂ ಜಿಲ್ಲೆಯ ಜನ ಗಟ್ಟಿಯಾಗಿ ಕೂಗಿ ಹೇಳಿದ್ದಾರೆ. ಆ ಕೂಗು ನ್ಯಾಯವಾದುದು. ಆದರೆ ಪ್ರತಿಯೊಂದು ತಾಲ್ಲೂಕಿಗೂ ಕಲ್ಲು ಒಡೆಯುವ ಯಂತ್ರ ಬೇಕೆಂದು ನಾನು ಹೇಳಲಾರೆ. ಕೈನುರಿತ ವೈದ್ಯರಿಲ್ಲದ ಕಡೆ ಅಂಥ ಯಂತ್ರ ಧೂಳು ಹಿಡಿಯುತ್ತದೆ. ತಾಲ್ಲೂಕಿನಲ್ಲಿ ಇರಬೇಕಾದದ್ದು ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಮತ್ತು ಅದನ್ನು ಓದಬಲ್ಲವರು, ಹೊರಬಿದ್ದ ಕಲ್ಲನ್ನು ರಾಸಾಯನಿಕ ಪರೀಕ್ಷೆಗೆ ಕಳುಹಿಸುವ ಏರ್ಪಾಡು, ಮತ್ತು ರೋಗಿಗೆ ಹತ್ತು ನಿಮಿಷ ತಿಳಿಯಹೇಳುವ ವೈದ್ಯರು. ಕಲ್ಲನ್ನು ಒಡೆಯಲು ದೂರ ಹೋದರೂ ನಡೆದೀತು. ಕಲ್ಲು ಕಟ್ಟದಂತೆ ನೋಡಿಕೊಳ್ಳುವ ಕೆಲಸ ಮನೆಯ ಹತ್ತಿರವೇ ನಡೆಯಬೇಕು.

ವಿದ್ಯಾರ್ಥಿ ಮಿತ್ರರು ಈ ವಿಷಯದಲ್ಲಿ ದೊಡ್ಡವರಿಗೆ ನೆರವಾಗಬಲ್ಲರು. ನಿಮ್ಮ ಮನೆಯಲ್ಲಿ ಯಾರಾದರೂ ಕಲ್ಲು ಒಡೆಸಿಕೊಂಡು ಬಂದರೆ ಎರಡು ಪ್ರಶ್ನೆಗಳನ್ನು ಕೇಳಿರಿ: ಆ ಕಲ್ಲು ಯಾವುದರಿಂದ ಆದದ್ದು? ಅದು ಮತ್ತೆ ಬಾರದಂತೆ ಏನು ಮಾಡಬೇಕೆಂದು ವೈದ್ಯರು ಹೇಳಿದ್ದಾರೆ? ಮೊದಲ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಚಿಕಿತ್ಸೆಯ ಅನಂತರ ಮೂತ್ರವನ್ನು ತೆಳುಬಟ್ಟೆಯಲ್ಲಿ ಸೋಸಿ, ಬಿದ್ದ ಚೂರನ್ನು ಎಸೆಯದೆ ಪರೀಕ್ಷೆಗೆ ಕೊಡಬೇಕು. ಯೂರಿಕ್ ಆಮ್ಲದ ಕಲ್ಲೆಂದು ತಿಳಿದರೆ ಒಡೆಯದೆ ಔಷಧದಿಂದಲೇ ಕರಗಿಸುವ ದಾರಿಯೂ ಮುಂದಿನ ಸಲಕ್ಕೆ ಉಂಟು. ಎರಡನೆಯ ಪ್ರಶ್ನೆಗೆ ಉತ್ತರದ ಬಹುಭಾಗ ನೀರು. ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ಕುಡಿಯಬೇಕು. ಬೆವರು ಹರಿಯುವ ದಿನ ಇನ್ನೂ ಹೆಚ್ಚು. ಅಳತೆ ಬೇಡವೆಂದರೆ ಬಣ್ಣವನ್ನು ನೋಡಿದರೂ ಸಾಕು: ಮೂತ್ರ ತಿಳಿಹಳದಿಯಾಗಿರಬೇಕು, ಚಹದ ಬಣ್ಣಕ್ಕೆ ತಿರುಗಬಾರದು. ಹೃದಯದ ಅಥವಾ ಮೂತ್ರಪಿಂಡದ ಬೇನೆಯಿರುವವರು ಮಾತ್ರ ವೈದ್ಯರನ್ನು ಕೇಳಿಯೇ ನೀರಿನ ಪ್ರಮಾಣವನ್ನು ಹೆಚ್ಚಿಸಬೇಕು.

ಮಳೆಹನಿಯ ಪೆಟ್ಟಿನಲ್ಲಿ ಅಡಗಿದ ಶಕ್ತಿಯನ್ನು ಕಂಡುಕೊಂಡು, ದೀರ್ಘವೃತ್ತದ ನಾಭಿಯಲ್ಲಿ ಅದನ್ನು ಕೂಡಿಸಿ, ಕತ್ತಿಯಿಲ್ಲದೆ ಕಲ್ಲನ್ನು ಮರಳು ಮಾಡಿದ ಮನುಷ್ಯನ ಬುದ್ಧಿಗೆ ತಲೆಬಾಗೋಣ. ಆದರೆ ಆ ಯಂತ್ರದ ಬಳಿಗೆ ಎರಡನೆಯ ಸಲ ಹೋಗದಿರುವುದೇ ಅದಕ್ಕೆ ನಾವು ತೋರಬಹುದಾದ ನಿಜವಾದ ಗೌರವ. ಅದಕ್ಕೆ ಬೇಕಾದದ್ದು ಕೈಯಲ್ಲೊಂದು ತಂಬಿಗೆ ನೀರು, ಮತ್ತು ಅದನ್ನು ಯಾವ ಅಂಜಿಕೆಯೂ ಇಲ್ಲದೆ ಕುಡಿಯಬಲ್ಲಂಥ ಶಾಲೆ, ತೋಟ, ಬಸ್ ನಿಲ್ದಾಣ.